ಕೋವಿ ಇಟ್ಟುಕೊಂಡವರು ಓಟಿಗೆ ನಿಲ್ಲಬಹುದೇ?

ಚುನಾವಣೆ ದಿನಾಂಕ ಘೋಷಣೆಯಾಯಿತು ಎಂದರೆ ನಮ್ಮ ಶಿರಸಿ ಕಡೆಯ ಹಳ್ಳಿಗಳಲ್ಲಿ ಒಂದು ಕೆಲಸ ಶುರುವಾಗುತ್ತದೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿ ಇಟ್ಟುಕೊಂಡ ಕೋವಿಯನ್ನು ಪೊಲೀಸ್ ಠಾಣೆಗೆ ಒಯ್ದು ಜಮಾ ಮಾಡುವುದು. ನಮ್ಮ ಮನೆಯದು ಒಂಟಿ ನಳಿಗೆಯ ಹಳೇ ಕೋವಿ. ಅಪ್ಪಯ್ಯ ಅದನ್ನು ಪಂಚೆಯಲ್ಲಿ ಸುತ್ತಿ, ಗೋಣಿಚೀಲಕ್ಕೆ ಹಾಕಿ, ಬೈಕಿನ ಹಿಂದೆ ಕೂತು ತೊಡೆಯ ಮೇಲೆ ಅಡ್ಡ ಇಟ್ಟುಕೊಳ್ಳುತ್ತಾನೆ. ಠಾಣೆಯಲ್ಲಿ ನಂಬರ್ ನೋಡಿ, ರಿಜಿಸ್ಟರಿನಲ್ಲಿ ಬರೆದು, ಹೆಸರಿನ ಚೀಟಿಯನ್ನು ಸುತಳಿಯಿಂದ ನಳಿಗೆಗೆ ಕಟ್ಟಿ, ರಸೀದಿ ಕೊಡುತ್ತಾರೆ. ಫಲಿತಾಂಶ ಬಂದು ನೀತಿ ಸಂಹಿತೆ ಮುಗಿದ ಮೇಲೆ ಆ ರಸೀದಿ ತೋರಿಸಿ ವಾಪಸ್ ತರಬೇಕು. ಅಲ್ಲಿಯವರೆಗೆ ತೋಟಕ್ಕೆ ಮಂಗ ಬಂದರೂ ಗದ್ದೆಗೆ ಹಂದಿ ಬಂದರೂ ಡಬ್ಬಿ ಬಡಿಯುವುದೇ ಗತಿ.

"ಮಂಗ, ಹಂದಿಗೆ ಎಲೆಕ್ಷನ್ ಇದ್ದು ಹೇಳಿ ಗೊತ್ತಾಗ್ತಾ?" ಎಂದು ಅಪ್ಪಯ್ಯ ಪ್ರತಿ ಸಲ ಕೇಳುತ್ತಾನೆ. ಅವನ ಸಂಕಟ ನಿಜವಾದದ್ದೇ.

ಕಳೆದ ಸಲ ಜಮಾ ಮಾಡಿ ಬರುವಾಗ ಪೇಟೆಯಲ್ಲಿ ಚಹಾಕ್ಕೆ ಕೂತಿದ್ದೆವು. ಟಿವಿಯಲ್ಲಿ ಗಾಜಾದ ಸುದ್ದಿ ಬರುತ್ತಿತ್ತು. ಜೊತೆಗಿದ್ದ ಅಕ್ಕನ ಮಗ ಪಿಯುಸಿ ಓದುವವನು. ಅವನು ಕೇಳಿದ: "ಮಾವ, ಹಮಾಸ್ ಒಂದ್ಸಲ ಓಟಿಗೆ ನಿಂತು ಗೆದ್ದಿತ್ತಡ, ಹೌದಾ? ಅಜ್ಜನ ಒಂದು ಕೋವಿನೇ ಇಟ್ಕಂಬಂಗಿಲ್ಲೆ, ಅವ್ರಿಗೆ ಹ್ಯಾಂಗೆ ಬಿಟ್ಟಿದ್ದು?"

ಪ್ರಶ್ನೆ ಚಿಕ್ಕದು. ಆದರೆ ಗಾಜಾ, ಲೆಬನಾನ್, ನೇಪಾಳ, ಕೊಲಂಬಿಯಾ, ನಮ್ಮ ಮಿಜೋರಾಂ, ಹೀಗೆ ಬೇರೆ ಬೇರೆ ಕಡೆ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಯಾರನ್ನು ಸಶಸ್ತ್ರ ಗುಂಪು ಅನ್ನುತ್ತೇವೆ?

ತನ್ನದೇ ಆಯುಧ, ತನ್ನದೇ ಪಡೆ, ತನ್ನದೇ ಹುಕುಂ ಇರುವ, ಸರ್ಕಾರದ ಮಾತು ಕೇಳದ ಸಂಘಟನೆಗೆ ಸಶಸ್ತ್ರ ಗುಂಪು ಎನ್ನುತ್ತಾರೆ. ರೌಡಿಗಳ ಗ್ಯಾಂಗಿಗೂ ಆಯುಧ ಇರುತ್ತದೆ. ಆದರೆ ಅವರಿಗೆ ಬೇಕಿರುವುದು ದುಡ್ಡು. ಸಶಸ್ತ್ರ ಗುಂಪಿಗೆ ಬೇಕಿರುವುದು ಅಧಿಕಾರ, ಇಲ್ಲವೇ ಬೇರೆ ರಾಜ್ಯ, ಬೇರೆ ದೇಶ, ಬೇರೆ ವ್ಯವಸ್ಥೆ. ಅದಕ್ಕೆ ರಾಜಕೀಯ ಗುರಿ ಇದೆ. ಹಾಗಾಗಿಯೇ ಅದು ಒಂದಲ್ಲ ಒಂದು ದಿನ ಚುನಾವಣೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಇಂದಿನ ದೇಶಗಳು ನಿಂತಿರುವ ಅಡಿಪಾಯ ಒಂದಿದೆ. ಬಲ ಪ್ರಯೋಗಿಸುವ ಹಕ್ಕು ಸರ್ಕಾರಕ್ಕೆ ಮಾತ್ರ. ಬೇರೆ ಯಾರ ಕೈಯಲ್ಲಾದರೂ ಕೋವಿ ಇದ್ದರೆ ಅದು ಸರ್ಕಾರದ ಅನುಮತಿಯಿಂದ ಇರಬೇಕು, ಕರೆದಾಗ ತಂದೊಪ್ಪಿಸಬೇಕು. ಅಪ್ಪಯ್ಯನ ಲೈಸೆನ್ಸ್ ಪುಸ್ತಕದ ಅರ್ಥ ಅಷ್ಟೇ. ಸಶಸ್ತ್ರ ಗುಂಪು ಒಪ್ಪದಿರುವುದೂ ಈ ಒಂದು ಮಾತನ್ನೇ.

'ಚುನಾವಣೆಗೆ ನಿಲ್ಲುವುದು' ಎಂಬ ಮಾತಿನೊಳಗೂ ಹಲವು ಬಗೆ ಇದೆ. ಕೆಲವು ಗುಂಪುಗಳು ಕೋವಿ ಹೆಗಲಲ್ಲಿಟ್ಟುಕೊಂಡೇ ನಿಲ್ಲುತ್ತವೆ. ಕೆಲವು ಪಕ್ಕದಲ್ಲಿ ಬೇರೆ ಹೆಸರಿನ ಪಕ್ಷ ಕಟ್ಟಿ ಅದನ್ನು ನಿಲ್ಲಿಸುತ್ತವೆ. ಇನ್ನು ಕೆಲವು ಆಯುಧ ಪೂರ್ತಿ ಬಿಟ್ಟು ಬಂದು ನಿಲ್ಲುತ್ತವೆ. ಟಿವಿ ಚರ್ಚೆಗಳಲ್ಲಿ ಈ ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಅಲ್ಲಿಂದಲೇ ಗೊಂದಲ ಶುರು.

ಅಡಿಕೆ ಟೆಂಡರಿಗೆ ಕೋವಿ ಹಿಡಿದು ಬಂದರೆ

ಶಿರಸಿ ಮಾರುಕಟ್ಟೆಯಲ್ಲಿ ಅಡಿಕೆ ಟೆಂಡರ್ ಹೇಗೆ ನಡೆಯುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪ್ರತಿ ಲಾಟಿಗೂ ವ್ಯಾಪಾರಸ್ಥರು ತಮ್ಮ ದರ ಹಾಕುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಜಾಸ್ತಿ ಹಾಕಿದವರಿಗೆ ಮಾಲು.

ಈಗ ಒಬ್ಬ ವ್ಯಾಪಾರಿ ಹತ್ತು ಜನ ಕೋವಿ ಹಿಡಿದವರನ್ನು ಕರೆದುಕೊಂಡು ಬಂದು ಅಡಿಕೆ ರಾಶಿಯ ಪಕ್ಕ ಸುಮ್ನೆ ನಿಂತ ಎಂದುಕೊಳ್ಳಿ. ಅವನು ಯಾರಿಗೂ ಏನೂ ಹೇಳುವುದಿಲ್ಲ, ಯಾರನ್ನೂ ಮುಟ್ಟುವುದಿಲ್ಲ. ಟೆಂಡರ್ ನಿಯಮದಂತೆಯೇ ನಡೆಯುತ್ತದೆ, ದಾಖಲೆಯಲ್ಲಿ ಒಂದು ತಪ್ಪೂ ಸಿಗುವುದಿಲ್ಲ. ಆದರೂ ಅವತ್ತಿನ ದರ ನಿಜವಾದ ದರವಲ್ಲ. ಉಳಿದವರು ಕಡಿಮೆ ಹಾಕಿರುತ್ತಾರೆ, ಇಲ್ಲವೇ ಮನೆಯಲ್ಲೇ ಉಳಿದಿರುತ್ತಾರೆ.

ಆಯುಧ ಚುನಾವಣೆಯನ್ನು ಕೆಡಿಸುವುದೂ ಹೀಗೇ. ಮತಗಟ್ಟೆಯಲ್ಲಿ ಗುಂಡು ಹಾರಬೇಕೆಂದೇನೂ ಇಲ್ಲ. ಎದುರಾಳಿ ಆ ಊರಿಗೆ ಪ್ರಚಾರಕ್ಕೆ ಹೋಗಲು ಹಿಂದೆಮುಂದೆ ನೋಡಿದರೆ ಸಾಕು. ಬೂತ್ ಏಜೆಂಟ್ ಆಗಲು ಒಬ್ಬನೂ ಸಿಗದಿದ್ದರೆ ಸಾಕು.

ಇದಕ್ಕಿಂತ ಆಳವಾದ ಭಯವೂ ಒಂದಿದೆ. 1997ರಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಬಂಡುಕೋರ ನಾಯಕ ಚಾರ್ಲ್ಸ್ ಟೇಲರ್ ಅಧ್ಯಕ್ಷ ಸ್ಥಾನಕ್ಕೆ ನಿಂತ. ಅಲ್ಲಿನ ಅಂತರ್ಯುದ್ಧ ಶುರು ಮಾಡಿದ್ದೇ ಅವನು. ಅವನೇ ಸುಮಾರು ನಾಲ್ಕರಲ್ಲಿ ಮೂರು ಪಾಲು ಮತ ಪಡೆದು ಗೆದ್ದ. 'ನನ್ನ ಅಮ್ಮನನ್ನು ಕೊಂದವನು, ಅಪ್ಪನನ್ನು ಕೊಂದವನು, ಆದರೂ ಅವನಿಗೇ ನನ್ನ ಓಟು' ಎಂಬ ಅರ್ಥದ ಕೂಗು ಅಲ್ಲಿ ಬೀದಿ ಬೀದಿಯಲ್ಲಿ ಕೇಳುತ್ತಿತ್ತು. ಜನರಿಗೆ ಬುದ್ಧಿ ಇರಲಿಲ್ಲ ಎಂದಲ್ಲ. ಇವನು ಸೋತರೆ ಮತ್ತೆ ಯುದ್ಧ, ಗೆದ್ದರಾದರೂ ಸುಮ್ಮನಿದ್ದಾನು ಎಂಬ ಲೆಕ್ಕ ಅವರದು. ಎರಡೇ ವರ್ಷಕ್ಕೆ ಯುದ್ಧ ಮತ್ತೆ ಬಂತು.

ಹಾಗಾದರೆ ಬೇಡವೇ ಬೇಡ ಅಂದುಬಿಟ್ಟರೆ?

ಕೇಳಲು ಸರಿ ಅನ್ನಿಸುತ್ತದೆ. ತೊಡಕು ಇರುವುದು ಇಲ್ಲಿ: ಆ ಗುಂಪಿನ ಹಿಂದೆ ಜನ ಇರುತ್ತಾರೆ. ನಾಯಕನನ್ನು ನಿಷೇಧಿಸಬಹುದು, ಅವನಿಗೆ ಅನ್ನ ಹಾಕಿದ ನೂರು ಹಳ್ಳಿಗಳನ್ನು ನಿಷೇಧಿಸಲು ಆಗುವುದಿಲ್ಲ. ಓಟಿನ ದಾರಿ ಪೂರ್ತಿ ಮುಚ್ಚಿದರೆ ಕಾಡಿನ ದಾರಿ ಒಂದೇ ಉಳಿಯುತ್ತದೆ.

ನಮ್ಮ ಮಿಜೋರಾಂ ನೋಡಿ. 1966ರಲ್ಲಿ ಲಾಲ್‌ಡೆಂಗಾ ನಾಯಕತ್ವದ ಮಿಜೋ ನ್ಯಾಷನಲ್ ಫ್ರಂಟ್ ಭಾರತದಿಂದ ಬೇರೆಯಾಗುತ್ತೇವೆ ಎಂದು ಬಂಡೆದ್ದಿತು. ಐಜ್ವಾಲ್ ಮೇಲೆ ನಮ್ಮದೇ ವಾಯುಪಡೆ ಬಾಂಬ್ ಹಾಕಿತು. ಇಪ್ಪತ್ತು ವರ್ಷ ಹೊಡೆದಾಟ ನಡೆಯಿತು. 1986ರ ಜೂನ್ 30ರಂದು ಒಪ್ಪಂದವಾಯಿತು. ಬಂಡುಕೋರರು ಆಯುಧ ಒಪ್ಪಿಸಬೇಕು, ಸಂಘಟನೆಯ ನಿಯಮಾವಳಿಯನ್ನು ದೇಶದ ಕಾನೂನಿಗೆ ಹೊಂದುವಂತೆ ತಿದ್ದಬೇಕು. ಬದಲಿಗೆ ಮಿಜೋರಾಂಗೆ ಪೂರ್ಣ ರಾಜ್ಯದ ಸ್ಥಾನ. ಆಗ ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ಸಿನ ಲಾಲ್ ಥನ್‌ಹಾವ್ಲಾ ಕುರ್ಚಿ ಬಿಟ್ಟುಕೊಟ್ಟು ಉಪ ಮುಖ್ಯಮಂತ್ರಿಯಾದರು. ಲಾಲ್‌ಡೆಂಗಾ ಮುಖ್ಯಮಂತ್ರಿಯಾದರು. 1987ರ ಚುನಾವಣೆಯಲ್ಲಿ ಅವರ ಪಕ್ಷ ಗೆದ್ದಿತು.

ಎಲ್ಲರೂ ಹೇಳುವುದು ಇಲ್ಲಿಯವರೆಗಿನ ಕಥೆ. ನನಗೆ ಮುಖ್ಯ ಅನ್ನಿಸುವುದು 1989. ಆ ವರ್ಷದ ಚುನಾವಣೆಯಲ್ಲಿ ಲಾಲ್‌ಡೆಂಗಾ ಪಕ್ಷ ಸೋತಿತು. ಸೋತವರು ಕಾಡಿಗೆ ಹೋಗಲಿಲ್ಲ, ವಿರೋಧ ಪಕ್ಷದ ಸಾಲಿನಲ್ಲಿ ಕೂತರು. ಹತ್ತು ವರ್ಷ ಕಾದು 1998ರಲ್ಲಿ ಮತ್ತೆ ಗೆದ್ದರು. ಆಗ ಮುಖ್ಯಮಂತ್ರಿಯಾದ ಜೋರಾಮ್‌ಥಂಗಾ ಕೂಡ ಹಿಂದೆ ಕಾಡಿನಲ್ಲಿದ್ದವರೇ.

ಸೋತ ಮರುದಿನ

ನಮ್ಮೂರ ಸೊಸೈಟಿ ಚುನಾವಣೆ ನೋಡಿದವರಿಗೆ ಗೊತ್ತು. ಹದಿನೈದು ದಿನ ಬೈದಾಟ, ಮುಖ ತಿರುಗಿಸುವುದು ಎಲ್ಲಾ ಇರುತ್ತದೆ. ಎಣಿಕೆ ಮುಗಿದ ಮರುದಿನ ಸೋತವರು ಅದೇ ಸೊಸೈಟಿಗೆ ಬಂದು ಅದೇ ಕೌಂಟರಿನಲ್ಲಿ ಗೊಬ್ಬರ ಒಯ್ಯುತ್ತಾರೆ. ವಿಧಾನಸಭೆ ಚುನಾವಣೆ ಮುಗಿದು ಕೋವಿ ತರಲು ಹೋದಾಗಲೂ ಅಷ್ಟೇ. ಠಾಣೆಯ ಬೆಂಚಿನ ಮೇಲೆ ಗೆದ್ದ ಪಕ್ಷದವರೂ ಸೋತ ಪಕ್ಷದವರೂ ರಸೀದಿ ಹಿಡಿದು ಸಾಲಾಗಿ ಕೂತಿರುತ್ತಾರೆ. ಚುನಾವಣೆ ಎಂಬುದು ಉಳಿದುಕೊಂಡಿರುವುದೇ ಸೋತವರು ಮನೆಗೆ ಹೋಗುತ್ತಾರೆ ಎಂಬ ನಂಬಿಕೆಯ ಮೇಲೆ. ಸಶಸ್ತ್ರ ಗುಂಪು ಸೋತರೆ ಅದಕ್ಕೆ ಇನ್ನೊಂದು ದಾರಿ ಇರುತ್ತದೆ. ಹಾಗಾಗಿ ನಿಲ್ಲಬಹುದೇ ಎಂದು ಕೇಳುವ ಮೊದಲು, ಸೋತ ದಿನ ಅವರ ಕೋವಿ ಎಲ್ಲಿರುತ್ತದೆ ಎಂದು ಕೇಳಬೇಕು.

ಇದನ್ನು ಎರಡು ದೇಶಗಳು ಜಗತ್ತಿಗೆ ತೋರಿಸಿಕೊಟ್ಟವು. ಅಂಗೋಲಾ ಮತ್ತು ಮೊಜಾಂಬಿಕ್. ದೂರದ ಹೆಸರುಗಳು ಅನ್ನಿಸಬಹುದು. ಆದರೆ ಕಾರವಾರದವರಿಗೆ ಇವುಗಳ ಹಳೇ ಯಜಮಾನ ಗೊತ್ತಿರುವವನೇ. ಕಾರವಾರದ ಹತ್ತಿರ ಸಮುದ್ರದಲ್ಲಿ ಕಾಣುವ ಅಂಜದೀವ್ ದ್ವೀಪ 1961ರ ಡಿಸೆಂಬರ್ ತನಕ ಪೋರ್ಚುಗೀಸರ ಕೈಯಲ್ಲಿತ್ತು. ಅದನ್ನು ಬಿಡಿಸುವಾಗ ನಮ್ಮ ನೌಕಾಪಡೆಯ ಏಳು ಮಂದಿ ಸತ್ತರು. ಅದೇ ಪೋರ್ಚುಗೀಸರು ಅಂಗೋಲಾ, ಮೊಜಾಂಬಿಕ್ ಬಿಟ್ಟದ್ದು 1975ರಲ್ಲಿ. ಬಿಟ್ಟ ಕೂಡಲೇ ಅಂಗೋಲಾದಲ್ಲಿ, ಸ್ವಲ್ಪದರಲ್ಲೇ ಮೊಜಾಂಬಿಕ್‌ನಲ್ಲಿ ಅಂತರ್ಯುದ್ಧ ಶುರುವಾಯಿತು.

ಅಂಗೋಲಾದಲ್ಲಿ 1991ರಲ್ಲಿ ಒಪ್ಪಂದವಾಗಿ 1992ರ ಸೆಪ್ಟೆಂಬರಿನಲ್ಲಿ ಚುನಾವಣೆ ನಡೆಯಿತು. ಒಂದು ಕಡೆ ಸರ್ಕಾರ ನಡೆಸುತ್ತಿದ್ದ ಎಂಪಿಎಲ್‌ಎ, ಇನ್ನೊಂದು ಕಡೆ ಜೋನಾಸ್ ಸಾವಿಂಬಿಯ ಯುನಿಟಾ. ಎರಡೂ ಕಡೆಯ ಸೈನ್ಯಗಳನ್ನು ಚುನಾವಣೆಗೆ ಮೊದಲು ವಿಸರ್ಜಿಸಿ ಒಂದೇ ಸೈನ್ಯ ಮಾಡಬೇಕು ಎಂಬುದು ಕಾಗದದಲ್ಲಿತ್ತು. ಕೆಲಸ ಆಗಲಿಲ್ಲ. ವಿಶ್ವಸಂಸ್ಥೆ ಕಳಿಸಿದ ಸೇನಾ ವೀಕ್ಷಕರು ಸುಮಾರು 350 ಮಂದಿ ಮಾತ್ರ. ದೇಶವೋ ಕರ್ನಾಟಕದ ಆರು ಪಟ್ಟಿಗಿಂತ ದೊಡ್ಡದು. ದಿನಾಂಕ ಬಂತು, ಮತದಾನ ಆಗಿಹೋಯಿತು. ಅಧ್ಯಕ್ಷ ಸ್ಥಾನಕ್ಕೆ ಸಾವಿಂಬಿಗೆ ಶೇಕಡಾ 40ರಷ್ಟು, ಎದುರಾಳಿ ದೊಸ್ ಸಾಂಟೋಸ್‌ಗೆ ಶೇಕಡಾ 49ಕ್ಕಿಂತ ಸ್ವಲ್ಪ ಜಾಸ್ತಿ. ಎರಡನೇ ಸುತ್ತು ನಡೆಯಬೇಕಿತ್ತು. ಮೋಸವಾಗಿದೆ ಎಂದು ಸಾವಿಂಬಿ ಎದ್ದು ಹೋದ. ಅವನ ಸೈನ್ಯ ಹಾಗೇ ಇತ್ತಲ್ಲ! ಕೆಲವೇ ವಾರಗಳಲ್ಲಿ ಯುದ್ಧ ಮತ್ತೆ ಹೊತ್ತಿಕೊಂಡಿತು. ನಿಂತದ್ದು 2002ರಲ್ಲಿ, ಸಾವಿಂಬಿ ಸತ್ತ ಮೇಲೆ.

ಅದೇ ಹೊತ್ತಿಗೆ ಮೊಜಾಂಬಿಕ್‌ನಲ್ಲೂ ಒಪ್ಪಂದವಾಗಿತ್ತು, 1992ರ ಅಕ್ಟೋಬರ್‌ನಲ್ಲಿ. ಅಂಗೋಲಾದಲ್ಲಿ ಆದದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಇಲ್ಲಿ ವಿಶ್ವಸಂಸ್ಥೆ ಸಾವಿರಾರು ಸೈನಿಕರನ್ನು ಕಳಿಸಿತು. ಅದರಲ್ಲಿ ಭಾರತದವರೂ ಇದ್ದರು. ಪಡೆಗಳ ವಿಸರ್ಜನೆ ಮುಗಿಯಲಿಲ್ಲವೆಂದು ಚುನಾವಣೆಯನ್ನೇ ಒಂದು ವರ್ಷ ಮುಂದಕ್ಕೆ ಹಾಕಿದರು. ಪಡೆ ಬಿಟ್ಟ ಸೈನಿಕನಿಗೆ ಎರಡು ವರ್ಷ ಸಂಬಳ ಸಿಗುವ ಹಾಗೆ ಮಾಡಿದರು. ಬಂಡುಕೋರ ಗುಂಪಾದ ರೆನಾಮೊ ಪಕ್ಷವಾಗಿ ಬದಲಾಗಲು ಕಚೇರಿ, ವಾಹನ, ಖರ್ಚು ಬೇಕಲ್ಲ, ಅದಕ್ಕೆಂದು ವಿಶ್ವಸಂಸ್ಥೆಯ ನಿಧಿಗೆ ಇಟಲಿ ಮತ್ತಿತರ ದೇಶಗಳು ಹಣ ಹಾಕಿದವು. 1994ರ ಅಕ್ಟೋಬರ್‌ನಲ್ಲಿ ಮತದಾನ ನಡೆಯಿತು. ರೆನಾಮೊ ಸೋತಿತು, ಆದರೆ 250ರಲ್ಲಿ 112 ಸ್ಥಾನ ಗೆದ್ದಿತು. ಸೋತರೂ ಕೈಯಲ್ಲಿ ಏನೋ ಉಳಿಯಿತು. ಮತ್ತೆ ಯುದ್ಧಕ್ಕೆ ಹೋಗಲಿಲ್ಲ.

ಮೊಜಾಂಬಿಕ್‌ನ ಕಥೆಯನ್ನೂ ಸಕ್ಕರೆ ಹಾಕಿ ಹೇಳುವುದು ಬೇಡ. ರೆನಾಮೊ ಸ್ವಲ್ಪ ಆಯುಧ, ಸ್ವಲ್ಪ ಜನರನ್ನು ಒಳಗೆ ಇಟ್ಟುಕೊಂಡೇ ಇತ್ತು. 2013ರ ಹೊತ್ತಿಗೆ ಮತ್ತೆ ಗುಂಡಿನ ಸದ್ದು ಕೇಳಿತು, 2019ರಲ್ಲಿ ಇನ್ನೊಂದು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅಂದರೂ ನಡುವಿನ ಇಪ್ಪತ್ತು ವರ್ಷ ಅಲ್ಲಿಯ ರೈತ ಹೊಲ ಉತ್ತ, ಮಕ್ಕಳು ಶಾಲೆಗೆ ಹೋದವು. ಅದು ಸಣ್ಣ ವಿಷಯ ಅಲ್ಲ.

ನೇಪಾಳದ ಕಂಟೇನರ್, ಅದರ ಬೀಗದ ಕೈ

ಆಯುಧ ಒಪ್ಪಿಸಿ ಎಂದು ಹೇಳುವುದು ಸುಲಭ. ಆದರೆ ಹತ್ತು ವರ್ಷ ಕಾದಾಡಿದವನು ಕೋವಿಯನ್ನು ಯಾರಿಗೆ ಕೊಡಬೇಕು? ಎದುರಾಳಿಯ ಪೊಲೀಸರಿಗೆ? ಅವರು ನಾಳೆ ಹಿಡಿದು ಕೊಂದರೆ?

ನೇಪಾಳದಲ್ಲಿ ಮಾವೋವಾದಿಗಳು 1996ರಲ್ಲಿ ಶುರುಮಾಡಿದ ಯುದ್ಧದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. 2006ರ ನವೆಂಬರ್‌ನಲ್ಲಿ ಶಾಂತಿ ಒಪ್ಪಂದವಾದಾಗ ಇದೇ ಪ್ರಶ್ನೆ ಎದ್ದಿತು. ಅವರು ಕಂಡುಕೊಂಡ ಉಪಾಯ ನೋಡಿ. ಮಾವೋವಾದಿ ಪಡೆಯವರು ಗೊತ್ತುಮಾಡಿದ ಶಿಬಿರಗಳಲ್ಲಿ ಇರಬೇಕು. ಅವರ ಆಯುಧಗಳನ್ನು ಒಂದೊಂದಾಗಿ ನೋಂದಾಯಿಸಿ, ಹಡಗಿನಲ್ಲಿ ಸರಕು ಸಾಗಿಸುತ್ತಾರಲ್ಲ, ಅಂಥ ಕಬ್ಬಿಣದ ಕಂಟೇನರಿನೊಳಗೆ ಇಡಬೇಕು. ಬೀಗ ಹಾಕಬೇಕು. ಬೀಗದ ಕೈ ಮಾತ್ರ ಮಾವೋವಾದಿಗಳ ಹತ್ತಿರವೇ ಇರುತ್ತದೆ. ಆದರೆ ಬಾಗಿಲು ತೆರೆದರೆ ಸೈರನ್ ಕೂಗುತ್ತದೆ, ವಿಶ್ವಸಂಸ್ಥೆಯವರು ಹಗಲೂ ರಾತ್ರಿ ಕಾಯುತ್ತಿರುತ್ತಾರೆ. ನೇಪಾಳದ ಸೇನೆಯೂ ಅಷ್ಟೇ ಸಂಖ್ಯೆಯ ಆಯುಧಗಳನ್ನು ಅದೇ ರೀತಿ ಬೀಗದೊಳಗೆ ಇಡಬೇಕು.

ಈ ಬೀಗದ ಕೈಯಲ್ಲಿ ಬಹಳ ತಿಳಿವಳಿಕೆ ಇದೆ ಅನ್ನಿಸುತ್ತದೆ ನನಗೆ. ಶರಣಾದೆ ಎಂಬ ಅವಮಾನ ಇಲ್ಲ. ಕೋವಿ ಇನ್ನೂ ನಿನ್ನದೇ. ಆದರೆ ತೆಗೆದರೆ ಊರಿಗೆಲ್ಲ ಗೊತ್ತಾಗುತ್ತದೆ. ಠಾಣೆಯಲ್ಲಿ ಅಪ್ಪಯ್ಯನ ಕೋವಿಗೆ ಕಟ್ಟುವ ಚೀಟಿಯೂ ಒಂದು ರೀತಿಯಲ್ಲಿ ಇದೇ ಮಾತು ಹೇಳುತ್ತದೆ, ಅಲ್ವಾ? ಇದು ನಿನ್ನದೇ, ಈಗ ಬೇಡ.

ಎರಡು ಸಲ ಮುಂದೆ ಹೋದ ಚುನಾವಣೆ 2008ರ ಏಪ್ರಿಲ್ 10ರಂದು ನಡೆಯಿತು. ಚುನಾಯಿತ 575 ಸ್ಥಾನಗಳಲ್ಲಿ 220 ಗೆದ್ದು ಮಾವೋವಾದಿಗಳು ಮೊದಲನೆಯವರಾದರು. ಅವರ ನಾಯಕ ಪ್ರಚಂಡ ಪ್ರಧಾನಿಯಾದರು. ಹಳ್ಳಿಗಳಲ್ಲಿ ಅವರ ಯುವ ದಳದವರು ಹೆದರಿಸಿದರು ಎಂಬ ದೂರು ಆಗ ಜೋರಾಗಿಯೇ ಇತ್ತು. ಕೋವಿ ಕಂಟೇನರಿನಲ್ಲಿದ್ದರೂ ಭಯ ಕಂಟೇನರಿನಲ್ಲಿ ಇರುವುದಿಲ್ಲ. 2012ರಲ್ಲಿ ಶಿಬಿರಗಳು ಮುಚ್ಚಿದವು. ಪಡೆಯಲ್ಲಿದ್ದವರೆಂದು ವಿಶ್ವಸಂಸ್ಥೆ ಗುರುತಿಸಿದ್ದ 19,602 ಜನರಲ್ಲಿ ಸುಮಾರು 1,400 ಮಂದಿ ದೇಶದ ಸೇನೆ ಸೇರಿದರು. ಹೆಚ್ಚಿನವರು ಹಣ ತೆಗೆದುಕೊಂಡು ಮನೆಗೆ ಹೋದರು. 2013ರ ಚುನಾವಣೆಯಲ್ಲಿ ಮಾವೋವಾದಿಗಳು 80 ಸ್ಥಾನಕ್ಕೆ ಇಳಿದು ಮೂರನೆಯವರಾದರು. ಮೊದಲು ಮೋಸ ಎಂದು ಕೂಗಾಡಿದರು, ಆಮೇಲೆ ಸಭೆಗೆ ಬಂದು ಕೂತರು. ತೆಗೆಯಲು ಕಂಟೇನರ್ ಉಳಿದಿರಲಿಲ್ಲ.

ಪಕ್ಷವೂ ಇದೆ, ಪಡೆಯೂ ಇದೆ

ಈಗ ಅಕ್ಕನ ಮಗನ ಪ್ರಶ್ನೆಗೆ ಬರೋಣ. ಹಮಾಸ್ ಎಂದರೆ ಇಸ್ರೇಲ್ ವಿರುದ್ಧ ಕಾದಾಡುವ ಪ್ಯಾಲೆಸ್ಟೈನಿನ ಸಶಸ್ತ್ರ ಗುಂಪು. ಪ್ಯಾಲೆಸ್ಟೈನ್‌ನಲ್ಲಿ 1996ರ ಚುನಾವಣೆಯನ್ನು ಹಮಾಸ್ ಬಹಿಷ್ಕರಿಸಿತ್ತು. 2006ರ ಜನವರಿಯಲ್ಲಿ ನಿಂತಿತು. 'ಬದಲಾವಣೆ ಮತ್ತು ಸುಧಾರಣೆ' ಎಂಬ ಹೆಸರಿನ ಪಟ್ಟಿಯಲ್ಲಿ. ಕಾನೂನುಬಾಹಿರ ದಾರಿಯಲ್ಲಿ ಗುರಿ ಸಾಧಿಸುವವರ ಉಮೇದುವಾರಿಕೆ ತಿರಸ್ಕರಿಸಬಹುದು ಎಂಬ ಮಾತು ಇಸ್ರೇಲ್ ಜೊತೆ ಆದ 1995ರ ಓಸ್ಲೋ ಒಪ್ಪಂದದಲ್ಲೇ ಇತ್ತು. ಆದರೆ ಹಮಾಸನ್ನು ಹೊರಗಿಟ್ಟು ಚುನಾವಣೆ ನಡೆಸಿದರೆ ಅದಕ್ಕೆ ಬೆಲೆ ಇರುವುದಿಲ್ಲ ಎಂದು ಪ್ಯಾಲೆಸ್ಟೈನ್ ಅಧ್ಯಕ್ಷ ಮಹಮೂದ್ ಅಬ್ಬಾಸ್ ಭಾವಿಸಿದರು. ಒಳಗೆ ಬಂದರೆ ಮೆತ್ತಗಾಗುತ್ತಾರೆ ಎಂಬ ಆಸೆಯೂ ಇತ್ತು. ಇಸ್ರೇಲ್ ಆಕ್ಷೇಪಿಸಿತು, ಅಮೆರಿಕ ಚುನಾವಣೆ ನಡೆಯಲಿ ಎಂದಿತು. ಹಮಾಸ್ 132ರಲ್ಲಿ 74 ಸ್ಥಾನ ಗೆದ್ದಿತು. ಗೆದ್ದ ಮೇಲೆ ಅದರ ಸರ್ಕಾರಕ್ಕೆ ಅಮೆರಿಕ, ಯುರೋಪ್ ಹಣಕಾಸಿನ ನೆರವು ನಿಲ್ಲಿಸಿದವು. ಹಮಾಸ್ ಆಯುಧ ಬಿಡಲಿಲ್ಲ. 2007ರ ಜೂನ್‌ನಲ್ಲಿ ಅಬ್ಬಾಸರ ಫತಾ ಪಕ್ಷದವರೊಂದಿಗೆ ಬೀದಿ ಕಾಳಗ ನಡೆಸಿ ಗಾಜಾವನ್ನು ಪೂರ್ತಿ ಹಿಡಿದುಕೊಂಡಿತು. 2006ರ ನಂತರ ಅಲ್ಲಿ ಮತ್ತೆ ಸಂಸತ್ತಿನ ಚುನಾವಣೆ ನಡೆದಿಲ್ಲ. ಅಂದು ಹುಟ್ಟಿದ ಮಗುವಿಗೆ ಮತದಾನದ ವಯಸ್ಸು ಬಂದರೂ ಮತ ಹಾಕುವ ದಿನ ಬರಲಿಲ್ಲ.

ಲೆಬನಾನ್‌ನದು ಇನ್ನೊಂದು ಬಗೆ. ಅಲ್ಲಿ ಅಂತರ್ಯುದ್ಧ ಮುಗಿಸಿದ 1989ರ ತಾಯಿಫ್ ಒಪ್ಪಂದದ ಪ್ರಕಾರ ಎಲ್ಲ ಖಾಸಗಿ ಪಡೆಗಳೂ ಆಯುಧ ಒಪ್ಪಿಸಬೇಕಿತ್ತು. ದಕ್ಷಿಣದಲ್ಲಿ ಇಸ್ರೇಲ್ ಸೈನ್ಯ ಇದೆ, ಅದರ ವಿರುದ್ಧ ಹೋರಾಡಬೇಕು ಎಂಬ ಕಾರಣಕ್ಕೆ ಹಿಜ್ಬುಲ್ಲಾ ಎಂಬ ಗುಂಪು ಮಾತ್ರ ಇಟ್ಟುಕೊಂಡಿತು. 1992ರಿಂದ ಚುನಾವಣೆಗೂ ನಿಲ್ಲುತ್ತ ಬಂದಿದೆ. ಶಾಸಕರಿದ್ದಾರೆ, ಮಂತ್ರಿಗಳಾಗಿದ್ದಾರೆ, ಆಸ್ಪತ್ರೆ, ಶಾಲೆ ನಡೆಸುತ್ತಾರೆ. ಹಾಗಾದರೆ ತೊಂದರೆ ಏನು? 2008ರ ಮೇ ತಿಂಗಳಲ್ಲಿ ಅದು ಗೊತ್ತಾಯಿತು. ಹಿಜ್ಬುಲ್ಲಾ ಇಟ್ಟುಕೊಂಡಿದ್ದ ಪ್ರತ್ಯೇಕ ಟೆಲಿಫೋನ್ ಜಾಲವನ್ನು ತೆಗೆಯಬೇಕೆಂದು ಸಚಿವ ಸಂಪುಟ ತೀರ್ಮಾನಿಸಿತು. ಎರಡೇ ದಿನದಲ್ಲಿ ಹಿಜ್ಬುಲ್ಲಾ ಪಡೆ ಪಶ್ಚಿಮ ಬೈರೂತಿನ ಬೀದಿಗಳನ್ನು ಹಿಡಿಯಿತು. ಸರ್ಕಾರ ತೀರ್ಮಾನ ವಾಪಸ್ ತೆಗೆದುಕೊಂಡಿತು. ಅದೇ ತಿಂಗಳು ದೋಹಾದಲ್ಲಿ ಆದ ರಾಜಿಯಲ್ಲಿ ಹಿಜ್ಬುಲ್ಲಾ ಕೂಟಕ್ಕೆ ಸಂಪುಟದ ನಿರ್ಣಯ ತಡೆಯುವಷ್ಟು ಮಂತ್ರಿ ಸ್ಥಾನ ಸಿಕ್ಕಿತು. 128 ಜನರ ಸಂಸತ್ತಿನಲ್ಲಿ ಮತ ಎಣಿಸಿದ್ದರೆ ಸಿಗದಿದ್ದದ್ದು ಕೋವಿ ಎಣಿಸಿದಾಗ ಸಿಕ್ಕಿತು. ಆಯುಧ ಸರ್ಕಾರದ ಕೈಯಲ್ಲಿ ಮಾತ್ರ ಇರುವಂತೆ ಯೋಜನೆ ಮಾಡಿ ಎಂದು ಅಲ್ಲಿನ ಸಂಪುಟ ಸೇನೆಗೆ ಹೇಳಿದ್ದು 2025ರ ಆಗಸ್ಟ್‌ನಲ್ಲಿ.

ಪಕ್ಷ, ಪಡೆ ಎರಡೂ ಇದ್ದು ಕೊನೆಗೆ ಪಡೆ ಕರಗಿದ ಉದಾಹರಣೆ ಉತ್ತರ ಐರ್ಲೆಂಡಿನದು. ಐಆರ್‌ಎ ಎಂಬ, ಬ್ರಿಟನ್ನಿನಿಂದ ಬೇರೆಯಾಗಬೇಕೆಂದು ಕಾದಾಡಿದ ಪಡೆ, ಅದರ ಜೊತೆಗಿನ ಶಿನ್ ಫೇನ್ ಪಕ್ಷ. ಬ್ರಿಟನ್ ಪಡೆಯನ್ನು ನಿಷೇಧಿಸಿತು, ಪಕ್ಷದ ಮೇಲಿದ್ದ ನಿಷೇಧವನ್ನು ಮಾತ್ರ 1974ರಲ್ಲಿ ತೆಗೆದು ಅದಕ್ಕೆ ಚುನಾವಣೆಯ ಬಾಗಿಲು ತೆರೆಯಿತು. 1998ರಲ್ಲಿ ಒಪ್ಪಂದವಾಯಿತು. ಆದರೂ ಆಯುಧ ಪೂರ್ತಿ ಹೋದದ್ದು 2005ರಲ್ಲಿ. ಅವನ್ನು ನಾಶ ಮಾಡುವುದನ್ನು ನೋಡಲು ಕೆನಡಾದ ನಿವೃತ್ತ ಜನರಲ್ ಇದ್ದರು. ಜೊತೆಗೆ ಒಬ್ಬರು ಕ್ಯಾಥೊಲಿಕ್, ಒಬ್ಬರು ಪ್ರಾಟೆಸ್ಟೆಂಟ್, ಇಬ್ಬರು ಪಾದ್ರಿಗಳನ್ನು ಸಾಕ್ಷಿಗೆ ನಿಲ್ಲಿಸಿದರು. ಸರ್ಕಾರದ ಮಾತು ನಂಬದವರೂ ತಮ್ಮ ಚರ್ಚಿನವರ ಮಾತು ನಂಬುತ್ತಾರೆ ಎಂದು. 2007ರಲ್ಲಿ ಐಆರ್‌ಎಯಲ್ಲಿದ್ದ ಮಾರ್ಟಿನ್ ಮೆಗಿನ್ನೆಸ್ ತಮ್ಮ ಬದ್ಧ ವಿರೋಧಿ ಇಯಾನ್ ಪೇಸ್ಲಿ ಜೊತೆ ಸೇರಿ ಸರ್ಕಾರ ನಡೆಸಿದರು.

ಕೋವಿ ಬಿಟ್ಟವರನ್ನು ಕಾಯುವವರು ಯಾರು?

ಒಂದು ಪಕ್ಕದ ಮಾತು ಮಾತ್ರ ಹೇಳಿದರೆ ಅನ್ಯಾಯವಾಗುತ್ತದೆ. ಕೊಲಂಬಿಯಾದಲ್ಲಿ 1985ರಲ್ಲಿ ಫಾರ್ಕ್ ಎಂಬ ಎಡಪಂಥೀಯ ಗೆರಿಲ್ಲಾ ಗುಂಪಿನೊಂದಿಗಿನ ಮಾತುಕತೆಯ ಫಲವಾಗಿ ಪೇಟ್ರಿಯಾಟಿಕ್ ಯೂನಿಯನ್ ಎಂಬ ಪಕ್ಷ ಹುಟ್ಟಿತು. ಮುಂದಿನ ವರ್ಷಗಳಲ್ಲಿ ಅದರ ಅಧ್ಯಕ್ಷೀಯ ಅಭ್ಯರ್ಥಿಗಳಿಂದ ಹಿಡಿದು ಹಳ್ಳಿಯ ಕಾರ್ಯಕರ್ತರ ತನಕ ಸಾವಿರಾರು ಜನರನ್ನು ಹುಡುಕಿ ಹುಡುಕಿ ಕೊಂದರು. ಇದಕ್ಕೆ ಕೊಲಂಬಿಯಾ ಸರ್ಕಾರವೇ ಹೊಣೆ ಎಂದು ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ 2023ರಲ್ಲಿ ಪ್ರಕಟಿಸಿದ ತೀರ್ಪಿನಲ್ಲಿ ಹೇಳಿತು. 1990ರಲ್ಲಿ ಎಂ-19 ಎಂಬ ಇನ್ನೊಂದು ಗುಂಪು ಆಯುಧ ಒಪ್ಪಿಸಿತು. ಅದರ ನಾಯಕ ಕಾರ್ಲೋಸ್ ಪಿಸಾರೊ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಒಂದೂವರೆ ತಿಂಗಳಲ್ಲಿ ಅವರನ್ನು ವಿಮಾನದೊಳಗೇ ಗುಂಡಿಟ್ಟು ಕೊಂದರು.

ಇಷ್ಟಾದರೂ ಎಂ-19 ಕಾಡಿಗೆ ಮರಳಲಿಲ್ಲ. ಅದೇ ಗುಂಪಿನಲ್ಲಿದ್ದ ಗುಸ್ತಾವೊ ಪೆಟ್ರೊ 2022ರಲ್ಲಿ ಕೊಲಂಬಿಯಾದ ಅಧ್ಯಕ್ಷರಾದರು. ಫಾರ್ಕ್ ಆಯುಧ ಬಿಟ್ಟದ್ದು 2016ರ ಒಪ್ಪಂದದ ನಂತರ. ಮತ ಎಷ್ಟೇ ಬರಲಿ, ಎರಡು ಅವಧಿಗೆ ಸಂಸತ್ತಿನಲ್ಲಿ ಹತ್ತು ಸ್ಥಾನ ಕೊಡುತ್ತೇವೆ ಎಂದು ಒಪ್ಪಂದದಲ್ಲೇ ಬರೆದರು. 2018ರಲ್ಲಿ ಅವರಿಗೆ ಬಿದ್ದ ಮತ ಶೇಕಡಾ ಒಂದೂ ಇಲ್ಲ. ಕಾಡಿನಲ್ಲಿ ಅವರಿಗೆ ಹೆದರಿ ಬದುಕಿದ ಜನ ಓಟಿನ ದಿನ ಹೇಳಿದ್ದು ಅದು. ಆ ಹತ್ತು ಸ್ಥಾನ ನ್ಯಾಯವೇ ಎಂದು ಕೇಳುವ ಹಕ್ಕು ಅವರಿಂದ ಮಗನನ್ನು ಕಳೆದುಕೊಂಡ ತಾಯಿಗೆ ಖಂಡಿತ ಇದೆ. ಯುದ್ಧ ನಿಲ್ಲಬೇಕು ಎಂಬುದೂ ಅದೇ ತಾಯಿಯ ಮಾತಾಗಿರಬಹುದು.

ಒಂದು ಸಂಘಟನೆಗೆ ಸಶಸ್ತ್ರ ಗುಂಪು ಎಂದು ಹೆಸರಿಡುವವರು ಯಾರು ಎಂಬುದೂ ಲೆಕ್ಕಕ್ಕೆ ಬರಬೇಕು. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಆಡಳಿತದ ವಿರುದ್ಧ ಹೋರಾಡಿದ, ನೆಲ್ಸನ್ ಮಂಡೇಲಾ ಅವರ ಎಎನ್‌ಸಿಗೆ ಆಯುಧ ಪಡೆ ಇತ್ತು. 1960ರಿಂದ 1990ರವರೆಗೆ ಅದು ನಿಷೇಧಿತ ಸಂಘಟನೆ. ಆದರೆ ಅಲ್ಲಿನ ಕಪ್ಪು ಜನರಿಗೆ ದೇಶದ ಸರ್ಕಾರ ಆರಿಸುವ ಓಟೇ ಇರಲಿಲ್ಲ. ಓಟಿರುವ ಊರಿನಲ್ಲಿ ಕೋವಿ ಹಿಡಿಯುವುದು ಬೇರೆ, ಓಟೇ ಕೊಡದ ಊರಿನಲ್ಲಿ ಹಿಡಿಯುವುದು ಬೇರೆ. 1990ರಲ್ಲಿ ಎಎನ್‌ಸಿ ಹೋರಾಟ ನಿಲ್ಲಿಸಿತು, 1994ರಲ್ಲಿ ಎಲ್ಲರೂ ಮತ ಹಾಕಿದರು, ಆ ಪಡೆ ದೇಶದ ಸೇನೆಯಲ್ಲಿ ಸೇರಿಹೋಯಿತು.

ನಮ್ಮ ಕಾನೂನಿನಲ್ಲಿ ಏನಿದೆ?

ಸಂವಿಧಾನದ 19ನೇ ವಿಧಿ ನಮಗೆ ಸಭೆ ಸೇರುವ ಹಕ್ಕು ಕೊಡುತ್ತದೆ. ಅಲ್ಲೇ ಎರಡು ಷರತ್ತು ಇದೆ: ಶಾಂತಿಯಿಂದ, ಆಯುಧಗಳಿಲ್ಲದೆ. ಇನ್ನು ಪಕ್ಷ ಕಟ್ಟಿ ನೋಂದಾಯಿಸಬೇಕಾದರೆ 1951ರ ಜನಪ್ರತಿನಿಧಿ ಕಾಯ್ದೆಯ 29ಎ ಕಲಂ ಪ್ರಕಾರ ಸಂವಿಧಾನಕ್ಕೆ, ಪ್ರಜಾಪ್ರಭುತ್ವಕ್ಕೆ, ದೇಶದ ಏಕತೆಗೆ ನಿಷ್ಠೆ ಇದೆ ಎಂದು ಬರೆದುಕೊಡಬೇಕು. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಅಂದರೆ ಯುಎಪಿಎ ಅಡಿಯಲ್ಲಿ ನಿಷೇಧವಾದ ಸಂಘಟನೆಗೆ ಪಕ್ಷವಾಗಿ ಜಾಗವಿಲ್ಲ. ಸಿಪಿಐ ಮಾವೋವಾದಿ ಸಂಘಟನೆ ಅಂಥದ್ದು. ಅದು ನಿಲ್ಲಲು ಕೇಳಿಯೂ ಇಲ್ಲ, ಚುನಾವಣೆ ಬಹಿಷ್ಕರಿಸಿ ಎಂದೇ ಕರೆ ಕೊಡುತ್ತಿತ್ತು.

ವ್ಯಕ್ತಿಯ ವಿಷಯದಲ್ಲಿ ಲೆಕ್ಕ ಬೇರೆ. ನಮ್ಮಲ್ಲಿ ಕೇಸ್ ಇದೆ ಎಂಬ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಅಪರಾಧಿ ಎಂದು ತೀರ್ಪಾದ ದಿನದಿಂದ ಹಿಡಿದು ಬಿಡುಗಡೆಯಾಗಿ ಆರು ವರ್ಷದ ತನಕ ನಿಲ್ಲುವಂತಿಲ್ಲ. ಜೈಲಿನೊಳಗಿದ್ದು ವಿಚಾರಣೆ ಎದುರಿಸುವವರು ಓಟು ಹಾಕುವಂತಿಲ್ಲ, ಆದರೆ ಓಟಿಗೆ ನಿಲ್ಲಬಹುದು. 2024ರ ಲೋಕಸಭೆಗೆ ಬಾರಾಮುಲ್ಲಾದಿಂದಲೂ ಪಂಜಾಬಿನ ಖಡೂರ್ ಸಾಹಿಬ್‌ನಿಂದಲೂ ಜೈಲಿನೊಳಗಿದ್ದವರೇ ಗೆದ್ದರು.

ಇಷ್ಟು ಹೇಳುವಾಗ ಅಕ್ಕನ ಮಗ ಇನ್ನೊಂದು ಕೇಳಿದ. 2025ರ ಜನವರಿ 8ರಂದು ಮಲೆನಾಡಿನ ಕಾಡಿನಲ್ಲಿದ್ದ ಆರು ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರಲ್ಲ, ಅವರು ನಾಳೆ ಗ್ರಾಮ ಪಂಚಾಯಿತಿಗೋ ವಿಧಾನಸಭೆಗೋ ನಿಲ್ಲಬಹುದಾ ಎಂದು. ಶಿಕ್ಷೆಯಾಗದಿದ್ದರೆ, ಬೇರೆ ಅರ್ಹತೆಗಳು ಸರಿ ಇದ್ದರೆ, ಶರಣಾದವರು ಎಂಬ ಒಂದೇ ಕಾರಣಕ್ಕೆ ಕಾನೂನು ತಡೆಯುವುದಿಲ್ಲ. ವಿಧಾನಸಭೆಗಾದರೆ ನಾಮಪತ್ರ ಕೊಟ್ಟ ಮೇಲೆ ಒಂದು ಪ್ರಮಾಣ ಮಾಡಬೇಕು. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಅದರ ಮಾತುಗಳಿವೆ. ಸಂವಿಧಾನಕ್ಕೆ ನಿಷ್ಠೆ ಇಡುತ್ತೇನೆ, ದೇಶದ ಸಾರ್ವಭೌಮತೆ, ಅಖಂಡತೆ ಎತ್ತಿಹಿಡಿಯುತ್ತೇನೆ ಎಂದು. ಈ ಎರಡನೇ ಸಾಲು ಸೇರಿದ್ದು 1963ರಲ್ಲಿ, ಪ್ರತ್ಯೇಕ ದೇಶದ ಕೂಗು ಕೇಳುತ್ತಿದ್ದ ಕಾಲದಲ್ಲಿ. ಕಾಡಿನಿಂದ ಬಂದವರಾದರೂ, ಮೂರು ತಲೆಮಾರು ಶಾಸಕರಾಗಿದ್ದ ಮನೆಯವರಾದರೂ ಚುನಾವಣಾಧಿಕಾರಿಯ ಎದುರು ಅದನ್ನು ಓದಿ, ಕೆಳಗೆ ಸಹಿ ಹಾಕಬೇಕು.